ಯಾರಿಗಾಗಿ ಈ ಮುದುಕಿ

"ಇಕೀ ಜೋಡಿ ಆಡಾಕ ಯಾರ ಬರ್ತಾರ?"

ಖಾಲಿ ಕೋಣೆಯಲ್ಲಿ ಶಾಂಭವಿ ಕೇಳಿದಳು. ಹೊಸ ವಿಡಿಯೋ ಗೇಮಿಗೆ ಅವಳು ಚಿತ್ರಿಸಿದ ಮುದುಕಿ ಪರದೆಯ ಮೇಲೆ ಹೂಬತ್ತಿ ಹೊಸೆಯುತ್ತ ಪುರಾಣದ ಪದ್ಯ ಹೇಳುತ್ತಿದ್ದಳು. ಮುಖ, ಮೂಗುಬೊಟ್ಟು, ಪದ್ಯದ ನಡುವೆ ಉಸಿರು ತೆಗೆಯುವ ರೀತಿ, ಎಲ್ಲ ಹೋದ ವರ್ಷ ತೀರಿಕೊಂಡ ಅವ್ವನದೇ.

ತೀರಿಕೊಂಡವರೂ ಗೇಮ್ ಆಡತೊಡಗಿದ ಮೇಲೆ, ಹೊಸ ಪಾತ್ರಕ್ಕೆ ಅವರಲ್ಲೊಬ್ಬರ ಒಪ್ಪಿಗೆಯನ್ನು ಫೋನಿನಲ್ಲಿ ಪಡೆಯುವುದು ಆಫೀಸಿನ ಪದ್ಧತಿ. ತೀರಿಕೊಂಡ ಒಬ್ಬೊಬ್ಬರಿಗೆ ಒಂದೇ ಸಲ ಕರೆ ಮಾಡಬಹುದು. ಒಪ್ಪದಿದ್ದರೆ ಸಂಜೆಯೊಳಗೆ ಚಿತ್ರ ಅಳಿಸಬೇಕು. ಒಪ್ಪಿಗೆಯ ಅರ್ಜಿಯಲ್ಲಿ 'ಯಾರಿಗಾಗಿ' ಎಂಬಲ್ಲಿ ಶಾಂಭವಿ 'ತೀರಿಕೊಂಡ ಮುದುಕಿಯರು' ಎಂದು ತುಂಬಿ, ಅವ್ವ ನೀಲವ್ವನಿಗೇ ಫೋನು ಹಚ್ಚಿದಳು.

"ನೀ ಬರದ ಚಿತ್ರ ನೋಡೀನಿ," ಎಂದಳು ನೀಲವ್ವ. "ಇಲ್ಲಿ ಮುದುಕೇರೆಲ್ಲಾ ಕುದುರಿ ಓಡಸೋ ಆಟ ಆಡತಾರ. ಬತ್ತಿ ಹೊಸಿಯೋದು ಬದುಕಿದ್ದಾಗ ಸಾಕಾಗೇತಿ."

"ಮತ್ತ ಇದು ಯಾರಿಗವ್ವಾ?"

"ನಿನಗ. ಉಣ್ಣೂದು ಬಿಟ್ಟು ಇದರ ಮುಂದ ಕುಂತು ಮೂರು ತಿಂಗಳಾತಲ್ಲ ಮಗಳ."

ಶಾಂಭವಿ ಪರದೆಯ ಮುದುಕಿಯ ಮೇಲೆ ಬೆರಳಿಟ್ಟಳು. "ಒಮ್ಮೆ ಹೂಂ ಅನ್ನವ್ವಾ. ಇದನ್ನ ಅಳಿಸಿದ್ರ ನಾ ನಿನ್ನ ಎಲ್ಲಿ ನೋಡ್ಲಿ?"

ಆ ಕಡೆಯಿಂದ, ಪದ್ಯದ ನಡುವೆ ತೆಗೆಯುವಂಥದೇ ಒಂದು ಉಸಿರು ಕೇಳಿಸಿತು.

"ಒಲ್ಲೆ," ಎಂದಳು ನೀಲವ್ವ.