ಅಪ್ಪನ ಸಾವಕಾಶದ ನಡಿಗೆ

ಕಾಫಿ ಬೀಜ ಹುರಿಯುವ ವಾಸನೆ ಬಂದರೆ ನನಗೆ ಇಂದಿಗೂ ನಾವು ಆಗ ಇದ್ದ ವಡಪಳನಿಯ ಆ ಮಧ್ಯಾಹ್ನ ನೆನಪಾಗುತ್ತದೆ. ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ಅಪ್ಪ ಓಡುವುದನ್ನಷ್ಟೇ ನಾನು ಕಂಡಿದ್ದೆ. ಟೈಫಾಯಿಡ್ ಜ್ವರದಿಂದ ಎದ್ದ ಅಮ್ಮ ಹೊಸ್ತಿಲು ದಾಟಲು ಹೆದರುತ್ತಿದ್ದಳು. ಪಕ್ಕದ ಮನೆಯ ಮಾಮಿ ತನ್ನ ತಮಿಳಿನಲ್ಲಿ "ಮೆದುವಾ, ಮೆದುವಾ", ನಿಧಾನ ನಿಧಾನ, ಅಂದರೆ, "ನಾನೆಂತ ರೋಗಿಯಾ?" ಎಂದು ಸಿಡುಕಿ ಒಳಗೆ ಹೋಗಿಬಿಡುತ್ತಿದ್ದಳು.

ಅಪ್ಪ 'ನಿಧಾನ' ಎನ್ನಲೇ ಇಲ್ಲ. "ರಜೆ ಅಲ್ದಾ, ಹಾಂಗೇ ತಿರ್ಗಿಕಂಡ್ ಬಪ್ಪ ಮಾರಾಯ್ತಿ" ಎಂದು ನಮ್ಮನ್ನು ಹೊರಡಿಸಿದರು. ಸಿನಿಮಾ ಪೋಸ್ಟರ್ ಕಂಡಲ್ಲೆಲ್ಲ ನಿಂತರು. ಕಾಫಿಪುಡಿ ಅಂಗಡಿಯ ಮುಂದೆ ನಿಂತು ಮೂಗರಳಿಸಿದರು. ಅಮ್ಮ ಅಲ್ಲೆಲ್ಲ ದಣಿವಾರಿಸಿಕೊಂಡಳು.

ಕೊನೆಗೆ ಅವಳಿಗೇ ತಾಳ್ಮೆ ತಪ್ಪಿತು. "ಎಂತ ಮಾರಾಯ್ರೆ, ಬಸ್ರಿ ಹಾಂಗೆ ನಡೀತ್ರಿ? ಕತ್ಲ್ ಆತ್ತ್, ಬನ್ನಿ!" ಎಂದು ಸೆರಗು ಸಿಕ್ಕಿಸಿ ಮುಂದೆ ಹೊರಟಳು. ಅಪ್ಪ ಎರಡು ಹೆಜ್ಜೆ ಹಿಂದೆಯೇ ಉಳಿದು, ಅವಳ ಪಾದಗಳನ್ನೇ ನೋಡುತ್ತ ನಡೆದರು.