ಒಬ್ಬಳಿಗಷ್ಟೇ ಕೆಲಸ

ಸಾಯಿಮಾಳ ಕೈಯಿಂದ ಸೌಟು ಕಸಿದುಕೊಂಡು ಶ್ವೇತಾ ಅದನ್ನು ಮೋರಿಗೆ ಎಸೆದಳು.

“ನನ್ನ ಒಲಿ ಮುಟ್ಟಬ್ಯಾಡ ಅಂತ ಎಷ್ಟ ಸಲ ಹೇಳಬೇಕು?”

“ನಿಮ್ಮಪ್ಪ ಕಟ್ಟಿಸ್ಯಾನೇನು ಒಲಿ?” ಸಾಯಿಮಾ ಕೈಲಿದ್ದ ಅಗಲ ತಟ್ಟೆಯ ಪರಾತವನ್ನು ಕಟ್ಟೆಯ ಮೇಲೆ ಕುಕ್ಕಿದಳು.

ಮುಖ್ಯ ಅಡುಗೆಯವ ಕರಿಬಸಪ್ಪ ರೊಟ್ಟಿಯ ಹಿಟ್ಟು ನಾದುತ್ತ, ಇತ್ತ ತಿರುಗದೆಯೇ ನಕ್ಕ. ಜಗಳ ಬಿಡಿಸಲಿಲ್ಲ.

ಗೊಟಗೋಡಿ ಹತ್ತಿರದ ಆ ರೆಸಾರ್ಟಿಗೆ ಜನ ಬರುತ್ತಿದ್ದುದೇ ಅವನ ಎಣ್ಣೆಗಾಯಿ ಉಣ್ಣಲು. ಅವನಿಗೆ ವಯಸ್ಸಾಗಿತ್ತು. ಆ ಕೈರುಚಿ ಅವನೊಂದಿಗೇ ಹೋದೀತೆಂದು ಹೆದರಿದ ಮಾಲೀಕ ಸಂಜಯ, ಸವಣೂರಿನಿಂದ ಇಬ್ಬರು ಹುಡುಗಿಯರನ್ನು ತರಬೇತಿಗೆ ತಂದು ಬಿಟ್ಟಿದ್ದ. ಚೆನ್ನಾಗಿ ಕಲಿತ ಒಬ್ಬಳಿಗಷ್ಟೇ ಕೆಲಸ. ಇನ್ನೊಬ್ಬಳು ಮನೆಗೆ.

ಇವರು ಕಲಿತ ದಿನ ತನ್ನ ಕಥೆ ಮುಗಿಯಿತೆಂದು ಕರಿಬಸಪ್ಪನಿಗೆ ಗೊತ್ತಿತ್ತು. ಹಿಂದೆ ಬಂದವರನ್ನೆಲ್ಲ ಪಾತ್ರೆ ತಿಕ್ಕಿಸಿಯೇ ಓಡಿಸಿದ್ದ. ಇವರಿಗೂ ಈರುಳ್ಳಿ ಹೆಚ್ಚಲು ಕೊಟ್ಟ. ತಲೆಯೆತ್ತದೆ ಹೆಚ್ಚಿದರು.

“ಕಾಕಾ, ಮಸಾಲಿ ಹ್ಯಾಂಗ ಹುರೀತೀರಿ?” ಎಂದು ಒಮ್ಮೆ ಶ್ವೇತಾ ಕೇಳಿದಳು.

“ಮೂಗು ಇದ್ದಾವ್ರಿಗೆ ತಿಳೀತೈತಿ.”

ಸಾಯಿಮಾ ಕೇಳಿದಾಗ ಇನ್ನೊಂದು ಬುಟ್ಟಿ ಈರುಳ್ಳಿ ಅವಳ ಮುಂದೆ ಸುರಿದ.

ಜಗಳ ಶುರುವಾದದ್ದು ಆಮೇಲೆ.

ಒಂದು ಬೆಳಿಗ್ಗೆ ಸಾಯಿಮಾ ಹತ್ತಿರ ಬಂದು ದನಿ ತಗ್ಗಿಸಿದಳು. “ಆ ಶ್ವೇತಾ ಹೊರಗ ಏನಂತಾಳ ಗೊತ್ತೇನ್ರಿ? ಮುದುಕನ ಮಸಾಲ್ಯಾಗ ಏನೂ ಇಲ್ಲ, ಎಲ್ಲಾ ಉರಿಯಾಗ ಐತಿ ಅಂತ.”

ಕರಿಬಸಪ್ಪನ ಮೈ ಉರಿಯಿತು. ಆಗಲೇ ಅವಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಗುರೆಳ್ಳು, ಶೇಂಗಾ, ಒಣಕೊಬ್ಬರಿ ಯಾವ ಹದಕ್ಕೆ ಹುರಿಯಬೇಕು, ಯಾವುದರ ಹಿಂದೆ ಯಾವುದು ಬೀಳಬೇಕು ಎಂಬುದನ್ನೆಲ್ಲ ತೋರಿಸಿದ.

“ಆಕೀಗೆ ಹೇಳೀದಿ ಅಂದ್ರ ನೋಡು ಮತ್ತ!”

“ಆಕಿ ಮಾರಿ ಸೈತ ನೋಡಂಗಿಲ್ಲರಿ ನಾ.”

ಮರುದಿನ ಶ್ವೇತಾ ಎಗರಿಬಿದ್ದಳು. “ಆಕೀಗಷ್ಟ ಕಲಿಸಿದ್ರಿ. ಈಗ ನನ್ನ ಮುಂದ ಮೆರ್ಯಾಕತ್ತಾಳ, ಕಾಕಾನ ಕೈ ನನಗ ಬಂತು ಅಂತ.”

ಕರಿಬಸಪ್ಪನಿಗೆ ದಾರಿ ಹೊಳೆಯಿತು. ಒಬ್ಬಳಿಗೆ ಮಸಾಲೆ, ಇನ್ನೊಬ್ಬಳಿಗೆ ಉರಿ. ಪೂರ್ತಿ ಯಾರಿಗೂ ಇಲ್ಲ. ಹರಿದು ತಿನ್ನಲಿ ಒಬ್ಬರನ್ನೊಬ್ಬರು. ಶ್ವೇತಾಳಿಗೆ ಬದನೆ ಸೀಳುವುದು, ಎಣ್ಣೆ ಬಿಡುವ ಹೊತ್ತು, ಮುಚ್ಚಳದ ಮೇಲೆ ನೀರಿಟ್ಟು ಸಣ್ಣ ಉರಿಯಲ್ಲಿ ಬೇಯಿಸುವುದು ಕಲಿಸಿದ. “ಆಕಿ ನಿನ್ನ ತುತ್ತಿಗೆ ಕೈ ಹಾಕ್ಯಾಳ, ಹುಷಾರ್” ಎಂದು ಇಬ್ಬರ ಕಿವಿಯಲ್ಲೂ ಊದಿದ. ಪ್ರತಿ ಜಗಳಕ್ಕೂ ಒಂದು ಅಡುಗೆ ಹೀಗೆ ಪಾಲಾಯಿತು: ಜುಣಕ, ಹುಳಿಬಾನ, ಮಾದಲಿ.

ಊಟಕ್ಕೆ ಕೂತರೆ ಒಬ್ಬಳು ಆ ಗೋಡೆಗೆ, ಒಬ್ಬಳು ಈ ಗೋಡೆಗೆ ಮುಖ ಹಾಕುತ್ತಿದ್ದಳು.

“ಒಂದ ಊರಿನವ್ರು, ಹಿಂಗ್ಯಾಕ?” ಸಂಜಯ ಕೇಳಿದ.

“ಅವು ಕೂಡೋ ಪೈಕಿ ಅಲ್ಲರಿ, ಸಾವ್ಕಾರ್ರ” ಎಂದ ಕರಿಬಸಪ್ಪ, ತೃಪ್ತಿಯಿಂದ.

ಪರೀಕ್ಷೆಯ ದಿನ ಇಬ್ಬರಿಗೂ ಬೇರೆ ಬೇರೆ ಒಲೆ. ಸಾಯಿಮಾಳ ಬದನೆ ಬೇಯಲಿಲ್ಲ. ಶ್ವೇತಾಳ ಮಸಾಲೆ ಸೀದು ಕಹಿಯಾಯಿತು. ನಿನ್ನಿಂದ, ನಿನ್ನಿಂದ ಎಂದು ಕೂಗಾಡಿ, ಗಿರಾಕಿಗಳ ಎದುರೇ ಜಡೆ ಹಿಡಿದರು. ಸಂಜಯ ಇಬ್ಬರನ್ನೂ ಹೊರಹಾಕಿದ. ಒಬ್ಬಳ ಕಣ್ಣಲ್ಲೂ ನೀರು ಬರಲಿಲ್ಲ. ಎಂಥ ಸೊಕ್ಕು, ಎಂದುಕೊಂಡ ಕರಿಬಸಪ್ಪ.

ದಸರೆ ಹೊತ್ತಿಗೆ ರೆಸಾರ್ಟಿನ ಮೇಜುಗಳು ಖಾಲಿ ಬೀಳತೊಡಗಿದವು. ಸವಣೂರಿನಲ್ಲಿ ಹೊಸ ಖಾನಾವಳಿ ಆಗಿದೆ, ಎಣ್ಣೆಗಾಯಿ ಥೇಟ್ ನಿಮ್ಮದೇ, ಎಂದರು ಪ್ರವಾಸಿಗರನ್ನು ಕರೆತರುವ ಡ್ರೈವರುಗಳು. ಕರಿಬಸಪ್ಪ ನಂಬಲಿಲ್ಲ. ಬಸ್ಸು ಹತ್ತಿ ಹೋದ. ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟ.

ಅವನದೇ ಮಸಾಲೆ. ಅವನದೇ ಉರಿ.

ತಟ್ಟೆ ತಳ್ಳಿ ಅಡುಗೆಮನೆಗೆ ನುಗ್ಗಿದ. “ಯಾವಾಕಿ? ಇಬ್ಬರಾಗ ಯಾವಾಕಿ ಕದ್ದಾಕಿ?”

ಮಸಾಲೆ ಅರೆಯುತ್ತಿದ್ದ ಸಾಯಿಮಾ ಎದ್ದು ನಿಂತಳು. ಒಲೆಯ ಮುಂದಿನಿಂದ ಶ್ವೇತಾ ಬಂದು ಅವಳ ಹೆಗಲಿಗೆ ಕೈ ಹಾಕಿದಳು.

“ಸಾಲಿಗೆ ಹೋಗೋ ಕಾಲದಿಂದ ನಮ್ದು ಒಂದ ಗಂಗಾಳ್ದಾಗ ಊಟರಿ, ಕಾಕಾ. ಜಗಳಾ ಆಡ್ಲಿಲ್ಲ ಅಂದ್ರ ನೀವು ಕಲಸ್ತಿದ್ರೇನು?”