ಲೈನಲ್ಲೇ ಇರು

ಬ್ರಾಂಡಿ ಅಂಗಡಿಯ ಎದುರು ನಿಂತು ಡ್ರೈವರ್ ತಾತ ಫೋನನ್ನು ಕಿವಿಗೆ ಒತ್ತಿಕೊಂಡ. ಮನಸ್ಸು ಆಗಲೇ ಒಳಗೆ ಹೋಗಿ ಬೆಂಚಿನ ಮೇಲೆ ಕೂತಾಗಿತ್ತು. ಮೈಯನ್ನು ಮಾತ್ರ ಹೇಗೋ ಹೊರಗೆ ಹಿಡಿದಿಟ್ಟುಕೊಂಡಿದ್ದ. ಬಸ್ಸು ಓಡಿಸುವ ಕಾಲದಲ್ಲಿ ಡ್ಯೂಟಿ ಮುಗಿದ ಮೇಲಷ್ಟೇ ಕುಡಿಯುತ್ತಿದ್ದವನು ಅವನು. ನಿವೃತ್ತನಾದ ಮೇಲೆ, ಬೆಳಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಡ್ಯೂಟಿ ಮುಗಿದಂತಾಗಿ ಕೆಟ್ಟಿದ್ದ.

ಈಗ ಚಟ ಬಿಡಿಸುವ ಆಸ್ಪತ್ರೆಗೆ ಹೋಗುತ್ತಾನೆ. ಅಲ್ಲಿ ವಯಸ್ಸಾದವರದೇ ಒಂದು ಗುಂಪು. ಅವನ ಮಗಳಿಗಿಂತ ಚಿಕ್ಕವರಾದ ಡಾಕ್ಟರಮ್ಮ ಅವರಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿದ್ದಾರೆ. ಬೇಕು ಬೇಕು ಅನ್ನಿಸಿದಾಗ ಮೊದಲು ಜೋಡಿಗೆ ಫೋನ್ ಮಾಡಬೇಕು. ಆ ಆಸೆ ಒಂದಷ್ಟು ಹೊತ್ತು ಕುಣಿದು ಸುಸ್ತಾಗಿ ತಾನೇ ಕೂರುತ್ತದೆ, ಅಲ್ಲಿಯವರೆಗೆ ಮಾತು ಬಿಡಬಾರದು. ತಾತನ ಪಾಲಿಗೆ ಬಂದವಳು ಟ್ರಂಕ್‌ಕಾಲ್ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿ ಮಾಡಿ ಮಾಡಿ ನಿದ್ದೆ ಕಳಕೊಂಡು, ನಿದ್ದೆ ಮಾತ್ರೆಯ ಕೈಗೆ ಸಿಕ್ಕಿಬಿದ್ದವಳು.

ಕುಡಿತ ಬಿಟ್ಟಿದ್ದಕ್ಕೆ ತಾತನಿಗೆ ಸಿಕ್ಕಿದ್ದು ಒಂದೇ ಬಡ್ತಿ: ಮೊಮ್ಮಗಳನ್ನು ಶಾಲೆಗೆ ಬಿಡುವ ಕೆಲಸ. ಮಗಳು ದಿನಾ ಬೆಳಗ್ಗೆ ಅಪ್ಪನ ಕಾಲರ್ ಸರಿ ಮಾಡುವ ನೆಪದಲ್ಲಿ ಹತ್ತಿರ ಬಂದು ಉಸಿರು ಮೂಸಿ ನೋಡಿ, ಆಮೇಲೆ ಮಗುವಿನ ಕೈಯನ್ನು ಅವನ ಕೈಗೆ ಕೊಡುತ್ತಾಳೆ. ಇವತ್ತು ಒಳಗೆ ಕಾಲಿಟ್ಟರೆ ನಾಳೆ ಆ ಪುಟ್ಟ ಕೈ ಸಿಗುವುದಿಲ್ಲ.

"ಎಲ್ಲಿದ್ದೀಯಾ?" ಎಂದಳು ಅಕ್ಕ.

"ಅಂಗಡಿ ಎದುರು."

"ರಸ್ತೆಯ ಈಚೆಗಾ, ಆಚೆಗಾ?"

"ಈಚೆಗೆ."

"ಹಾಗಾದ್ರೆ ಇನ್ನೂ ಏನೂ ಕೆಟ್ಟಿಲ್ಲ. ನಾನು ಬರ್ತೀನಿ, ಅಲ್ಲೇ ನಿಂತಿರು. ಲೈನ್ ಕಟ್ ಮಾಡಬೇಡ."

"ನೀವಾ? ಆ ಮಂಡಿ ಇಟ್ಟುಕೊಂಡು?"

"ಮನೇಲಿ ಬಿಟ್ಟು ಬರೋಕಾಗುತ್ತೇನೋ? ಅದನ್ನೂ ಕರ್ಕೊಂಡೇ ಬರ್ತೀನಿ."

ಚಪ್ಪಲಿ ಹಾಕಿಕೊಂಡೆ ಎಂದಳು. ಬೀಗ ಹಾಕಿದೆ ಎಂದಳು. ಒಂದು ಮೆಟ್ಟಿಲು ಇಳಿದು ಉಸ್ಸೆಂದಳು, ಇನ್ನೊಂದಕ್ಕೆ ಇನ್ನೊಂದು ಉಸ್ಸು. ಟೈಲರ್ ಅಂಗಡಿಯ ಮುಂದೆ ಬಂದೆ, ಅವನು ಯಾರದೋ ಅಂಗಿಗೆ ಗುಂಡಿ ಹೊಲೀತಿದ್ದಾನೆ ಎಂದಳು. ಬದುಕಿಡೀ ಆಕ್ಸಿಲರೇಟರ್ ತುಳಿದಿದ್ದ ಡ್ರೈವರ್ ತಾತ ನಿಂತಲ್ಲೇ ಚಡಪಡಿಸಿದ. ಎದುರಿನ ಅಂಗಡಿಯಿಂದ ಒಬ್ಬ ಬಗಲಲ್ಲಿ ಪೇಪರ್ ಸುತ್ತಿದ ಬಾಟಲಿ ಇಟ್ಟುಕೊಂಡು ಹೊರಬಂದ. ತಾತನ ಬಾಯಲ್ಲಿ ನೀರೂರಿತು.

"ಇನ್ನೂ ಅಲ್ಲೇ ಇದ್ದೀರಾ? ನೀವು ಬರೋ ಹೊತ್ತಿಗೆ ಇವರು ಶಟರ್ ಎಳೀತಾರೆ ಅಕ್ಕ."

"ಎಳೀಲಿ ಬಿಡು ಪಾಪ, ಅವರಿಗೂ ಮನೆಮಠ ಇರುತ್ತೆ. ಅಯ್ಯೋ, ಔಷಧಿ ಅಂಗಡಿ ಬಂತು. ಇದನ್ನ ನಾನು ಕಣ್ಣು ಮುಚ್ಚಿಕೊಂಡು ದಾಟಬೇಕು."

"ಕಣ್ಣು ಮುಚ್ಚಬೇಡಿ, ಅಲ್ಲಿ ಚರಂಡಿ ಬಾಯಿ ತೆರೆದಿದೆ."

"ಸರಿ, ಒಂದು ಕಣ್ಣು ತೆರೀತೀನಿ. ಹಾಂ, ದಾಟಿದೆ. ಇನ್ನೇನು, ತಿರುವಿನ ಹತ್ತಿರ..."

ಲೈನ್ ಸತ್ತುಹೋಯಿತು.

ತಾತ ಮತ್ತೆ ಮತ್ತೆ ಒತ್ತಿದ. ಆ ಕಡೆ ಎತ್ತಲಿಲ್ಲ. ಆ ತಿರುವಿನಲ್ಲಿ ಬಸ್ಸಿನವರು ಬ್ರೇಕ್ ಮುಟ್ಟುವುದಿಲ್ಲ ಎಂಬುದು ಅವನಿಗೆ ಗೊತ್ತು, ತಾನೂ ಮುಟ್ಟಿದವನಲ್ಲ. ಅಂಗಡಿ, ಬಾಟಲಿ ಯಾವುದೂ ನೆನಪಿಲ್ಲದೆ ಓಡುತ್ತ ನಡೆದ, ನಡೆಯುತ್ತ ಓಡಿದ. ತಿರುವಿನಲ್ಲಿ ಜನ ಸೇರಿರಲಿಲ್ಲ. ಅಕ್ಕನ ಮನೆ ಕೆಳಗಿನ ಟೈಲರನ್ನು ಕೇಳಿದರೆ ಅವನು ತಲೆ ಎತ್ತಿ, "ಅಕ್ಕ ಇವತ್ತು ಕೆಳಗೇ ಇಳಿದಿಲ್ಲವಲ್ಲ" ಎಂದ. ತಾತ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ.

ಬಾಗಿಲು ತೆರೆದೇ ಇತ್ತು. ಅಕ್ಕ ಬರಿಗಾಲಲ್ಲಿ ಮೇಜಿನ ಮುಂದೆ ಕೂತಿದ್ದಳು.

"ಎಲ್ಲಿ ಬಿದ್ರಿ?"

"ಹೊರಟಿದ್ರೆ ತಾನೇ ಬೀಳೋದು? ಅಷ್ಟು ವರ್ಷ ರಸ್ತೇಲಿ ಇದ್ದೋನು ನೀನು, ಒಂದು ಹಾರ್ನ್ ಕೂಡ ಕೇಳಿಸ್ತಿಲ್ವಲ್ಲ ಅಂತ ಹೊಳೀಲಿಲ್ಲವಾ?"

"ಮತ್ತೆ ಲೈನ್ ಯಾಕೆ ಕಟ್ ಮಾಡಿದ್ರಿ?"

"ರಸ್ತೆ ಮುಗಿದುಹೋಯ್ತು ಕಣೋ. ಆ ತಿರುವೂ ದಾಟಿಬಿಟ್ಟಿದ್ರೆ ನಿನ್ನ ಎದುರಿಗೇ ಬಂದು ನಿಲ್ಲಬೇಕಿತ್ತು. ಎಲ್ಲಿಂದ ಬಂದು ನಿಲ್ಲಲಿ?"

ನಗು ಬಂದು ಕುರ್ಚಿ ಹಿಡಿದುಕೊಂಡವನಿಗೆ ಮೇಜಿನ ಮೇಲಿದ್ದದ್ದು ಕಣ್ಣಿಗೆ ಬಿತ್ತು. ಒಂದು ತಟ್ಟೆ, ಅದರಲ್ಲಿ ಎರಡು ಇಡೀ ಮಾತ್ರೆ, ಪಕ್ಕದಲ್ಲಿ ತುಂಬಿದ ಗಾಜಿನ ಲೋಟ. ಡಾಕ್ಟರಮ್ಮ ಅವಳಿಗೆ ಈಗ ಕೊಡುತ್ತಿರುವುದು ಅರ್ಧ, ಅದೂ ಮಲಗುವ ಹೊತ್ತಿಗೆ. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು.

"ನಿನ್ನ ಫೋನ್ ಬಂದಾಗ ಕೈಯಲ್ಲಿತ್ತು" ಎಂದಳು ಅಕ್ಕ, ಅವನ ಮುಖ ನೋಡದೆ.

"ನಂಗೆ ಒಂದು ಫೋನ್ ಮಾಡಬಾರದಿತ್ತಾ? ನಾನೇನು ಬರೀ ಶೋಕಿಗೆ ಜೋಡಿನಾ?"

"ಊರಿಗೆಲ್ಲ ಲೈನ್ ಕೊಟ್ಟೆ. ನಂಗೇ ಅಂತ ಒಂದು ಕಾಲ್ ಬುಕ್ ಮಾಡಿ ಅಭ್ಯಾಸ ಇಲ್ಲ ಕಣಪ್ಪ."

ಹೇಳುವಾಗ ನಕ್ಕಳು. ಬೆರಳು ಮಾತ್ರ ತಟ್ಟೆಯ ಅಂಚನ್ನೇ ಸವರುತ್ತಿತ್ತು.

ಇಂಥ ಹೊತ್ತಲ್ಲಿ ಡಾಕ್ಟರಮ್ಮ ಏನು ಹೇಳುತ್ತಾರೋ ಡ್ರೈವರ್ ತಾತನಿಗೆ ಗೊತ್ತಿರಲಿಲ್ಲ. ಓಡಿ ಬಂದು ಗಂಟಲೂ ಒಣಗಿತ್ತು. ಲೋಟ ಎತ್ತಿದ, ತಲೆ ಹಿಂದಕ್ಕೆ ಚೆಲ್ಲಿ ಒಂದೇ ಗುಟುಕಿಗೆ ತಳ ಕಾಣಿಸಿದ. ಅಷ್ಟು ಚೆನ್ನಾಗಿ ಕುಡಿಯುವುದನ್ನು ಅಕ್ಕ ಬದುಕಿನಲ್ಲಿ ನೋಡಿರಲಿಲ್ಲ.

"ನೀರು ಖಾಲಿ" ಎಂದು ಬಾಯಿ ಒರೆಸಿಕೊಂಡು, ಲೋಟವನ್ನು ಆ ಎರಡು ಮಾತ್ರೆಗಳ ಮೇಲೆ ಬೋರಲು ಹಾಕಿ, ಎದುರಿನ ಕುರ್ಚಿ ಎಳೆದು ಕೂತ.